ತುಂಬೆ ಹೂ ಬರೀ ಬಿಳಿ ಚುಕ್ಕೆ ಥರ ಬರ್ತಿದೆ, ಮ್ಯಾಕ್ರೋ ಲೆನ್ಸ್ ತಗೊಳ್ಳಲೇಬೇಕಾ?

ಗದ್ದೆಬದು:
ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಬದುವಿನ ಮೇಲೆ ಈಗ ತುಂಬೆ ಗಿಡ ಜಾಸ್ತಿ ಬಂದಿದೆ. ಶಿವನ ಪೂಜೆಗೆ ಅಂತ ಬಿಡಿಸಿ ತರುವಾಗ ಯಾರೂ ಈ ಹೂವನ್ನು ಸರಿಯಾಗಿ ನೋಡುವುದಿಲ್ಲ. ಕಣ್ಣ ಹತ್ತಿರ ಹಿಡಿದರೆ ಕೆಳಗಿನ ಅಗಲವಾದ ಎಸಳು, ಮೇಲೆ ನವಿರಾದ ಕೂದಲಿರುವ ಪುಟ್ಟ ಟೋಪಿಯಂಥ ಭಾಗ, ಎಷ್ಟು ಚೆಂದ ಅಲ್ವಾ? ಅದೇ ಫೋಟೋದಲ್ಲಿ ಕಾಣಬೇಕು. ನನ್ನ ಹತ್ತಿರ ಕ್ಯಾನನ್ ಡಿಎಸ್‌ಎಲ್‌ಆರ್, 50 ಎಂಎಂ 1.8 ಎಸ್‌ಟಿಎಂ ಲೆನ್ಸ್ ಇದೆ. ಹತ್ತಿರ ಹೋದರೆ ಫೋಕಸ್ ಆಗಲ್ಲ, ಹಿಂದೆ ಸರಿದರೆ ಹೂ ಬರೀ ಬಿಳಿ ಚುಕ್ಕೆ. ತೀರಾ ಹತ್ತಿರದಿಂದ ಚಿಕ್ಕ ವಸ್ತು ತೆಗೆಯುವ ಮ್ಯಾಕ್ರೋ ಲೆನ್ಸ್ ಬೆಲೆ ನೋಡಿದರೆ ಸದ್ಯಕ್ಕೆ ಆಗದ ಮಾತು. ಬೇರೆ ದಾರಿ ಇದೆಯಾ?

ಹಿತ್ತಲಬೆಳಕು:
ಲೆನ್ಸ್ ಬೇಡ, ಎಕ್ಸ್‌ಟೆನ್ಷನ್ ಟ್ಯೂಬ್ ತಗೊಳ್ಳಿ. ನಿಮ್ಮ ಲೆನ್ಸ್ 35 ಸೆಂಟಿಮೀಟರ್‌ಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ. ಅಷ್ಟು ಹತ್ತಿರದಲ್ಲೂ ವಸ್ತುವಿನ ನಿಜ ಅಳತೆಯ 0.21 ಪಟ್ಟು ಮಾತ್ರ ಸೆನ್ಸರ್ (ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಚಿಪ್) ಮೇಲೆ ಬೀಳುತ್ತದೆ. ಒಂದು ಸೆಂಟಿಮೀಟರ್ ಹೂ ಅಂದರೆ ಅಲ್ಲಿ ಬರೀ 2 ಮಿಲಿಮೀಟರ್! ಕ್ಯಾಮೆರಾಗೂ ಲೆನ್ಸ್‌ಗೂ ನಡುವೆ 25 ಎಂಎಂ ಟ್ಯೂಬ್ ಹಾಕಿದರೆ ಇನ್ನೊಂದು 0.5 ಸೇರಿ ಸುಮಾರು 0.7 ಪಟ್ಟು ಆಗುತ್ತದೆ. ತುಂಬೆಗೆ ಇದು ಧಾರಾಳ ಸಾಕು. ಟ್ಯೂಬ್ ಒಳಗೆ ಗಾಜು ಇಲ್ಲ, ಖಾಲಿ ಕೊಳವೆ ಅಷ್ಟೆ, ಅದಕ್ಕೇ ಬೆಲೆ ಕಮ್ಮಿ. ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಕ್ಯಾಮೆರಾಗೂ ಲೆನ್ಸ್‌ಗೂ ಸಂಪರ್ಕ ಕೊಡುವ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರುವುದನ್ನೇ ತಗೊಳ್ಳಿ. ಇಲ್ಲದಿದ್ದರೆ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಬದಲಾಯಿಸಲು ಆಗದೆ 1.8ರಲ್ಲೇ, ಅಂದರೆ ಪೂರ್ತಿ ತೆರೆದೇ ಉಳಿಯುತ್ತದೆ, ಆಗ ಒಂದು ಎಸಳಿನ ಅಂಚು ಬಿಟ್ಟು ಬೇರೇನೂ ಶಾರ್ಪ್ ಬರಲ್ಲ.

ಮೋಡದದಿನ:
ಟ್ಯೂಬ್ ಸರಿ, ಆದರೆ ಬಿಳಿ ಚುಕ್ಕೆ ಸಮಸ್ಯೆ ಅದರಿಂದ ಹೋಗಲ್ಲ ಸರ್. ಅದು ಬೆಳಕಿನ ಸಮಸ್ಯೆ. ಸುತ್ತ ಕಡುಹಸಿರು, ನಡುವೆ ಚೂರು ಬಿಳಿ. ಕ್ಯಾಮೆರಾ ಹಸಿರನ್ನು ನೋಡಿ ಇಲ್ಲಿ ಕತ್ತಲೆ ಜಾಸ್ತಿ ಇದೆ ಅಂದುಕೊಂಡು ಎಕ್ಸ್‌ಪೋಷರ್, ಅಂದರೆ ಫೋಟೋಗೆ ಬೀಳುವ ಬೆಳಕು, ಹೆಚ್ಚಿಸುತ್ತದೆ, ಆಗ ಬಿಳಿ ಎಸಳಿನ ವಿವರವೆಲ್ಲ ಹೊರಟೇ ಹೋಗುತ್ತದೆ. ಆ ಬೆಳಕನ್ನು ಹೆಚ್ಚು ಕಮ್ಮಿ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 1ಕ್ಕೆ ಇಳಿಸಿ, ಸೆನ್ಸರ್ ಹಿಡಿದ ಪೂರ್ತಿ ವಿವರ ಉಳಿಯುವ ರಾ ಫೈಲ್‌ನಲ್ಲಿ ತೆಗೆಯಿರಿ. ಮಧ್ಯಾಹ್ನದ ಬಿಸಿಲಂತೂ ಬೇಡವೇ ಬೇಡ. ಮೋಡ ಇಲ್ಲದಿದ್ದರೆ ಹೂವಿನ ಮೇಲೆ ಬಿಳಿ ಪಂಚೆಯನ್ನು ಅಡ್ಡ ಹಿಡಿಯಲು ಯಾರನ್ನಾದರೂ ಕರೆದುಕೊಳ್ಳಿ, ನೆರಳು ಮೆತ್ತಗಾಗಿ ಎಸಳಿನ ಮಡಿಕೆ ಕೂಡ ಕಾಣುತ್ತದೆ.

ಕಾಡುಮಲ್ಲಿಗೆ77:
ಇಬ್ಬರೂ ಗಾಳಿ ವಿಷಯ ಬಿಟ್ಟಿದ್ದೀರಿ. 0.7 ಪಟ್ಟಿನಲ್ಲಿ ಅಪರ್ಚರ್ ಕಿರಿದು ಮಾಡಿ ಎಫ್/8 ಇಟ್ಟರೂ ಶಾರ್ಪ್ ಆಗಿರುವ ಆಳ ಸುಮಾರು ಒಂದೇ ಮಿಲಿಮೀಟರ್. ತುಂಬೆಯ ದಂಟು ಸಣ್ಣದು, ಉಸಿರು ತಾಗಿದರೂ ಅಲ್ಲಾಡುತ್ತದೆ. ಸೂರ್ಯ ಹುಟ್ಟಿದ ಮೇಲೆ ಗಾಳಿ ಏಳುವ ಮುಂಚೆ ಹೋಗಿ. ದಂಟಿನ ಪಕ್ಕ ಒಂದು ಕಡ್ಡಿ ನೆಟ್ಟು ಬಟ್ಟೆ ಕ್ಲಿಪ್‌ನಿಂದ ಮೆಲ್ಲಗೆ ಹಿಡಿಸಿ, ಶಟರ್ 1/250 ಸೆಕೆಂಡ್‌ಗಿಂತ ನಿಧಾನ ಮಾಡಬೇಡಿ, ಬೇಕಾದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ. ಫೋಟೋದಲ್ಲಿ ಕಾಳುಕಾಳಾಗಿ ಗ್ರೇನ್ ಬಂದರೆ ಬರಲಿ, ಅಲ್ಲಾಡಿದ ಫೋಟೋವನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಸರಿಮಾಡಲ್ಲ. ಮತ್ತೆ ಆಟೋ ಫೋಕಸ್ ಆಫ್ ಮಾಡಿ. ಫೋಕಸ್ ರಿಂಗ್ ಒಂದು ಕಡೆ ಇಟ್ಟು, ಕ್ಯಾಮೆರಾ ಹಿಡಿದ ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಸಾಲಾಗಿ ಐದಾರು ಹೊಡೆಯಿರಿ. ಟ್ರೈಪಾಡ್ ನಾನು ಹೇಳಲ್ಲ, ಬದುವಿನ ಮೇಲೆ ನೆಲಮಟ್ಟಕ್ಕೆ ಅದನ್ನು ಇಳಿಸುವಷ್ಟರಲ್ಲಿ ಗಾಳಿ ಎದ್ದಿರುತ್ತದೆ. ಮಣ್ಣಲ್ಲಿ ಮೊಣಕೈ ಊರಿ ಮಲಗುವುದೇ ಸುಲಭ.

ಗದ್ದೆಬದು:
ತುಂಬಾ ಉಪಕಾರ ಆಯ್ತು. ಟ್ಯೂಬ್ ಬರುವ ತನಕ ಹೂ ಕಿತ್ತು ಒಳಗೆ ತಂದು ಕಿಟಕಿ ಹತ್ತಿರ ಮೊಬೈಲ್‌ನಲ್ಲಿ ತೆಗೆದರೆ ಆಗುತ್ತಾ?

ಕಾಡುಮಲ್ಲಿಗೆ77:
ಹೂ ಮಾತ್ರ ಕಿತ್ತರೆ ಎಸಳು ಬೇಗ ಬಾಡುತ್ತದೆ, ದಂಟಿನ ಸಮೇತ ತಂದು ಲೋಟದ ನೀರಲ್ಲಿ ಇಡಿ. ಮೊಬೈಲನ್ನು ತೀರಾ ಹತ್ತಿರ ಒಯ್ಯಬೇಡಿ. ಸ್ವಲ್ಪ ದೂರದಿಂದ 2ಎಕ್ಸ್ ಇಟ್ಟು, ಹೂವಿನ ಮೇಲೆ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬ್ರೈಟ್‌ನೆಸ್ ಕೆಳಗೆ ಎಳೆಯಿರಿ. 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಇರುವ ಫೋನ್ ಆದರೆ ಅದನ್ನು ಬಿಟ್ಟು ಮೇನ್ ಕ್ಯಾಮೆರಾದಲ್ಲೇ ತೆಗೆದು ಕ್ರಾಪ್ ಮಾಡಿ. ಫೋಟೋ ಬಂದ ಮೇಲೆ ಇಲ್ಲೇ ಹಾಕಿ, ನೋಡೋಣ.