ಜಡತ್ವ ಅಂದರೆ ಭಾರವೇ? ಕಾರವಾರದ ತರಗತಿಯಿಂದ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನಾನು ಕಾರವಾರದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ‘ಜಡತ್ವ’ (ಇಂಗ್ಲಿಷಿನ ಇನರ್ಷಿಯಾ; ನಿಂತದ್ದು ನಿಂತೇ ಇರುವ, ಓಡುವುದು ಓಡುತ್ತಲೇ ಇರುವ ಗುಣ) ಅನ್ನುವ ಪದದ ಬಗ್ಗೆ ಬಲ್ಲವರನ್ನು ಕೇಳಬೇಕಿದೆ. ಪ್ರಶ್ನೆ ಚಿಕ್ಕದೇ. ಆದರೆ ಅದು ಹುಟ್ಟಿದ ಸಂದರ್ಭ ಹೇಳದಿದ್ದರೆ ಸುಮ್ನೆ ನಿಘಂಟಿನ ಅರ್ಥ ಕೇಳಿದ ಹಾಗಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

9ನೇ ತರಗತಿಗೆ ಬಲ ಮತ್ತು ಚಲನೆಯ ಪಾಠ ಮುಗಿಸಿ ಒಂದು ಲೆಕ್ಕ ಕೊಟ್ಟಿದ್ದೆ. ನೀರಿನ ಮೇಲೆ ನಿಂತಿರುವ 400 ಕಿಲೋಗ್ರಾಂ ದೋಣಿಯನ್ನು 100 ನ್ಯೂಟನ್ ಬಲ ಹಾಕಿ ತಳ್ಳಿದರೆ ಅದರ ವೇಗೋತ್ಕರ್ಷ ಎಷ್ಟು? ನೀರಿನ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಇದು ಒಂದೇ ಸಾಲಿನ ಲೆಕ್ಕ. 100ನ್ನು 400ರಿಂದ ಭಾಗಿಸಿದರೆ 0.25 ಬರುತ್ತದೆ. ಅಂದರೆ ಪ್ರತಿ ಸೆಕೆಂಡಿಗೂ ದೋಣಿಯ ವೇಗ ಸೆಕೆಂಡಿಗೆ ಕಾಲು ಮೀಟರ್‌ನಷ್ಟು ಏರುತ್ತ ಹೋಗುತ್ತದೆ. ಒಬ್ಬ ಹುಡುಗ ಮಾತ್ರ ಬೇರೆಯೇ ಬರೆದಿದ್ದ. ‘ದೋಣಿಯ ಜಡತ್ವ 400 × 9.8 = 3920 ನ್ಯೂಟನ್. ತಳ್ಳುವ ಬಲ 100 ನ್ಯೂಟನ್. ಜಡತ್ವ ಜಾಸ್ತಿ ಇದೆ. ಆದ್ದರಿಂದ ದೋಣಿ ಅಲುಗುವುದಿಲ್ಲ.’

ಗುಣಾಕಾರ ಸರಿ ಇತ್ತು. ತೂಕ ಕಂಡುಹಿಡಿಯುವ ಸೂತ್ರವೂ ಸರಿ ಇತ್ತು. ಬರೆದದ್ದರಲ್ಲಿ ಒಂದು ತರ್ಕವೂ ಇತ್ತು. ಕೆಂಪು ಗೆರೆ ಎಳೆಯಲು ಮನಸ್ಸಾಗದೆ ಅವನನ್ನೇ ಕೂರಿಸಿಕೊಂಡು ಕೇಳಿದೆ. ‘ಜಡತ್ವ ಅಂದ್ರೆ ಜಡ ಇರೋದು ಅಲ್ವಾ ಅಕ್ಕೋರೆ? ದೋಣಿ ಭಾಳ ಜಡ ಇರ್ತದೆ’ ಅಂದ.

ಆಗ ನನಗೆ ಹೊಳೆಯಿತು. ಅವನ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ‘ಜಡ’ ಅಂದರೆ ಭಾರ. ಉಚ್ಚಾರ ಸ್ವಲ್ಪ ಬೇರೆ, ಪದ ಅದೇ. ಮರಾಠಿಯಲ್ಲೂ ಹಾಗೇ. ಘಟ್ಟದ ಮೇಲೆ ಹಳಿಯಾಳ, ಮುಂಡಗೋಡದ ಕಡೆ ಹೋದರೆ ಕನ್ನಡದಲ್ಲೇ ‘ಚೀಲ ಭಾಳ ಜಡ ಐತಿ’ ಅನ್ನುತ್ತಾರೆ. ಧಾರವಾಡದ ಮಾತು ಕೇಳಿದವರಿಗೆಲ್ಲ ಇದು ಗೊತ್ತು. ನಾನು ಶಿರಸಿ ಕಡೆಯವಳು. ನಮ್ಮ ಮನೆಯಲ್ಲಿ ಅಡಿಕೆ ಮೂಟೆ ‘ಭಾರ’ ಇರುತ್ತಿತ್ತು. ‘ಜಡ’ ಇರುತ್ತಿದ್ದದ್ದು ಮಳೆಗಾಲದ ಮಧ್ಯಾಹ್ನ ಉಂಡು ಎದ್ದ ಮೈ. ಹಾಗಾಗಿ ನಾನು ಹಲಗೆಯ ಮೇಲೆ ‘ಜಡತ್ವ’ ಅಂತ ಬರೆದಾಗ ನನ್ನ ತಲೆಯಲ್ಲಿದ್ದ ಪದ ಒಂದು, ಎದುರು ಕೂತ ಅರ್ಧ ತರಗತಿಯ ಕಿವಿಗೆ ಬಿದ್ದ ಪದ ಇನ್ನೊಂದು. ಅವರ ಪಾಲಿಗೆ ಜಡತ್ವ ಅಂದರೆ ನೇರವಾಗಿ ಭಾರ. ಆ ಹುಡುಗ ಪದವನ್ನು ತನ್ನ ಭಾಷೆಯ ಪ್ರಕಾರ ಸರಿಯಾಗಿಯೇ ಬಿಡಿಸಿದ್ದ.

ಅವನ ಊಹೆ ಪೂರ್ತಿ ತಪ್ಪೂ ಅಲ್ಲ. ಜಡತ್ವವನ್ನು ಅಳೆಯುವುದು ದ್ರವ್ಯರಾಶಿಯಿಂದ, ಅಂದರೆ ಕಿಲೋಗ್ರಾಂನಲ್ಲಿ ಹೇಳುವ ಅಳತೆಯಿಂದ. ದ್ರವ್ಯರಾಶಿ ಜಾಸ್ತಿ ಇದ್ದದ್ದರ ತೂಕವೂ ಜಾಸ್ತಿ. ಭಾರದ ವಸ್ತುವಿಗೆ ಜಡತ್ವ ಹೆಚ್ಚು ಅನ್ನುವುದು ನಿಜವೇ. ಆದರೆ ತೂಕ ಅಂದರೆ ಭೂಮಿ ಕೆಳಗೆ ಎಳೆಯುವ ಬಲ. ಜಡತ್ವ ಬಲವೇ ಅಲ್ಲ. ಅದನ್ನು ನ್ಯೂಟನ್‌ನಲ್ಲಿ ಬರೆದು ತಳ್ಳುವ ಬಲದ ಜೊತೆ ತೂಗಿ ನೋಡುವ ಹಾಗೇ ಇಲ್ಲ. ಎಷ್ಟೇ ದೊಡ್ಡ ದ್ರವ್ಯರಾಶಿ ಇರಲಿ, ತಡೆ ಇಲ್ಲದ ಕಡೆ ಸಣ್ಣ ಬಲಕ್ಕೂ ಅದು ಕದಲುತ್ತದೆ, ನಿಧಾನವಾಗಿ.

ಇದನ್ನು ಬಾಯಿಮಾತಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತಾರೆ, ನಂಬುವುದಿಲ್ಲ. ಅದಕ್ಕೆ ಒಂದು ಶನಿವಾರ ಹನ್ನೆರಡು ಮಕ್ಕಳನ್ನು ಬೈತಖೋಲ ಬಂದರಿಗೆ ಕರೆದುಕೊಂಡು ಹೋದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ದೋಣಿಗಳು ಮತ್ತೆ ಓಡಾಡುತ್ತಿದ್ದವು. ಪರಿಚಯದ ಮೀನುಗಾರರೊಬ್ಬರು ತಮ್ಮ ಫೈಬರ್ ದೋಣಿಯನ್ನು ಧಕ್ಕೆಯ (ದೋಣಿ ನಿಲ್ಲಿಸುವ ಕಟ್ಟೆಯ) ಪಕ್ಕ ಸಡಿಲ ಹಗ್ಗದಲ್ಲಿ ನಿಲ್ಲಿಸಿಕೊಟ್ಟರು. ಉಬ್ಬರ ತುಂಬಿ ನಿಂತ ಹೊತ್ತು, ಗಾಳಿ ಇರಲಿಲ್ಲ. ‘ಅಲುಗುವುದಿಲ್ಲ’ ಅಂತ ಬರೆದ ಹುಡುಗನಿಗೇ ಹೇಳಿದೆ, ತಳ್ಳು ಅಂತ.

ಅವನು ಎರಡೂ ಕೈ ಇಟ್ಟು ಜೋರಾಗಿ ನೂಕಿದ. ಏನೂ ಆಗಲಿಲ್ಲ. ನನ್ನ ಕಡೆ ತಿರುಗಿ ನೋಡಿದ. ಕೈ ತೆಗೀಬೇಡ, ಜೋರು ಬೇಡ, ಒಂದು ಕೊಡ ನೀರು ಎತ್ತುವಷ್ಟು ಬಲ ಹಾಕಿ ಸುಮ್ನೆ ಒತ್ತುತ್ತಲೇ ಇರು ಅಂದೆ. ಹತ್ತು ಲೀಟರ್ ಕೊಡ ಎತ್ತಲು ಸುಮಾರು 100 ನ್ಯೂಟನ್ ಬೇಕು. ಅದೇ ನಮ್ಮ ಲೆಕ್ಕದ ಬಲ. ಒಂದು, ಎರಡು, ಮೂರು ಅಂತ ಉಳಿದವರು ಎಣಿಸುತ್ತಿದ್ದರು. ನಾಲ್ಕಕ್ಕೆ ಬರುವಷ್ಟರಲ್ಲಿ ದೋಣಿ ಮತ್ತು ಧಕ್ಕೆಯ ನಡುವೆ ಅಂಗೈ ಅಗಲದ ನೀರು ಕಾಣಿಸಿತು. ಆಮೇಲೆ ಅದು ಅಗಲ ಆಗುತ್ತಲೇ ಹೋಯಿತು. ಕೊನೆಗೆ ಕೈ ಎಟುಕದೆ ಅವನು ಬಿಟ್ಟುಬಿಟ್ಟ. ದೋಣಿ ಮಾತ್ರ ಹೋಗುತ್ತಲೇ ಇತ್ತು. ನಿಜವಾದ ನೀರಿನಲ್ಲಿ ತಡೆ ಇರುತ್ತದೆ, ದೋಣಿಯ ಜೊತೆ ಸ್ವಲ್ಪ ನೀರೂ ಕದಲಬೇಕಾಗುತ್ತದೆ. ಅದಕ್ಕೇ ಲೆಕ್ಕದಲ್ಲಿ ಬಂದಷ್ಟು ಚುರುಕಾಗಿ ಅದು ಹೊರಡಲಿಲ್ಲ. ಆದರೆ ಹೊರಟಿತು. ದೋಣಿಯ ಭಾರವನ್ನೆಲ್ಲ ನೀರು ಹೊತ್ತುಕೊಂಡಿದೆ. ಅವನು ಏನನ್ನೂ ಎತ್ತಬೇಕಾಗಿರಲಿಲ್ಲ. ಹಾಗಿದ್ದೂ ಕೈಗೆ ಏನೋ ಒಂದು ಎದುರು ಬಂತಲ್ಲ, ಹೊರಡಲು ಅಷ್ಟು ಹೊತ್ತು ಹಿಡಿಯಿತಲ್ಲ, ಅದರಲ್ಲಿ ನೀರಿನ ತಡೆಯ ಪಾಲನ್ನು ಕಳೆದರೆ ಉಳಿಯುವುದೇ ಜಡತ್ವ ಅಂತ ಅಲ್ಲೇ ನಿಂತು ಹೇಳಿದೆ.

ಅಷ್ಟರಲ್ಲಿ ಇನ್ನೊಂದು ದೋಣಿ ಒಳಗೆ ಬಂತು, ಮೀನಿನ ಬುಟ್ಟಿ, ಐಸ್ ತುಂಬಿಕೊಂಡು. ಇಂಜಿನ್ ಬಹಳ ದೂರದಲ್ಲೇ ಬಂದ್ ಮಾಡಿದ್ದರು. ಸದ್ದಿಲ್ಲದೆ ಜಾರಿ ಬರುತ್ತಿತ್ತು. ನಮ್ಮ ಒಬ್ಬ ಹುಡುಗಿ ಅದನ್ನು ನಿಲ್ಲಿಸಲು ಕಾಲು ಚಾಚಿದಳು. ‘ಏ, ಕಾಲು ಕೊಡಬೇಡ! ಇಂಜಿನ್ ಬಂದ್ ಆದ್ರೂ ಓಟ ಬಂದ್ ಆಗೂದಿಲ್ಲ’ ಅಂತ ಆ ಮೀನುಗಾರರು ಕೂಗಿ ಅವಳನ್ನು ಹಿಂದಕ್ಕೆ ಎಳೆದರು. ದೋಣಿ ಬಂದು ಧಕ್ಕೆಗೆ ಕಟ್ಟಿದ್ದ ಟಯರಿಗೆ ತಾಗಿತು. ಟಯರು ಚಪ್ಪಟೆಯಾಗಿ ಮತ್ತೆ ಉಬ್ಬಿತು. ನಿಧಾನಕ್ಕೆ ಬಂದ ದೋಣಿ ಅದು, ನಡೆಯುವವರ ವೇಗವೂ ಇರಲಿಲ್ಲ. ಮಕ್ಕಳೆಲ್ಲ ಆ ಟಯರನ್ನೇ ನೋಡುತ್ತ ನಿಂತುಬಿಟ್ಟರು.

ನನ್ನ ಪದದ ಪ್ರಶ್ನೆ ಗಟ್ಟಿಯಾದದ್ದು ಅಲ್ಲಿ. ಮೀನುಗಾರರು ಹೇಳಿದ ‘ಓಟ’ವೂ ಜಡತ್ವವೇ. ಪಠ್ಯಪುಸ್ತಕದ ಮಾತಲ್ಲಿ ಅದು ‘ಚಲನ ಜಡತ್ವ’. ಆದರೆ ಕನ್ನಡದ ಕಿವಿಗೆ ಈ ಜೋಡಿಪದ ಹೇಗೆ ಕೇಳುತ್ತದೆ ನೋಡಿ. ಜಡ ಅಂದರೆ ಮಂಕು, ಆಲಸ್ಯ, ಅಲ್ಲಾಡದ್ದು. ಜಡಭರತ ಅಂತ ಬೈಯುವುದು ಯಾರನ್ನು? ಕೂತಲ್ಲೇ ಕೂತವರನ್ನು. ಓಡುತ್ತಿರುವ ಬಸ್ಸಿಗೆ, ಹಾರುತ್ತಿರುವ ಚೆಂಡಿಗೆ ಜಡತ್ವ ಇದೆ ಅಂದರೆ ಮಕ್ಕಳಿಗೆ ಅದು ಒಪ್ಪುವುದಿಲ್ಲ. ನಿಂತ ವಸ್ತುವಿಗೆ ಮಾತ್ರ ಜಡತ್ವ ಇರುತ್ತದೆ, ಓಡುವ ವಸ್ತು ಜಡತ್ವವನ್ನು ‘ಕಳೆದುಕೊಂಡಿದೆ’ ಅಂತ ಉತ್ತರ ಬರೆದವರು ಪ್ರತಿ ವರ್ಷ ಸಿಗುತ್ತಾರೆ. ಒಂದು ಕಡೆ ಭಾರ ಅನ್ನುವ ಅರ್ಥ ದಾರಿ ತಪ್ಪಿಸುತ್ತದೆ, ಇನ್ನೊಂದು ಕಡೆ ಸೋಮಾರಿತನ ಅನ್ನುವ ಅರ್ಥ.

ಇದು ನಮ್ಮ ಭಾಷೆಯೊಂದರ ಕಷ್ಟ ಅಲ್ಲ. ಇಂಗ್ಲಿಷಿನ ‘ಇನರ್ಷಿಯಾ’ದ ಮೂಲ ಲ್ಯಾಟಿನ್. ಅಲ್ಲೂ ಅದರ ಅರ್ಥ ಆಲಸ್ಯ, ಏನೂ ಮಾಡದಿರುವುದು. 17ನೇ ಶತಮಾನದ ಶುರುವಿನಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಈ ಪದವನ್ನು ಭೌತಶಾಸ್ತ್ರಕ್ಕೆ ತಂದಾಗ ಅವನ ಮನಸ್ಸಿನಲ್ಲಿ ಇದ್ದದ್ದೂ ನಿಂತಲ್ಲೇ ನಿಲ್ಲುವ ಗುಣವೇ. ತಳ್ಳುವುದು ಬಿಟ್ಟರೆ ವಸ್ತು ತಾನಾಗಿ ನಿಲ್ಲುತ್ತದೆ ಅಂತ ಅವನು ಎಣಿಸಿದ್ದ. 1687ರಲ್ಲಿ ನ್ಯೂಟನ್ ಪದವನ್ನು ಹಾಗೇ ಇಟ್ಟುಕೊಂಡು ಅರ್ಥವನ್ನು ಹಿಗ್ಗಿಸಿದ. ನಿಂತದ್ದು ನಿಂತೇ ಇರುವುದು, ಓಡುವುದು ಅದೇ ವೇಗದಲ್ಲಿ ನೇರ ಓಡುತ್ತಲೇ ಇರುವುದು, ಎರಡಕ್ಕೂ ಒಂದೇ ಹೆಸರು. ನನ್ನ ಮಕ್ಕಳು ಕೆಪ್ಲರ್ ನಿಂತಲ್ಲೇ ನಿಂತಿದ್ದಾರೆ. ಅವರನ್ನು ಅಲ್ಲಿಂದ ಮುಂದೆ ಕರೆದುಕೊಂಡು ಹೋಗಲು ಒಳ್ಳೆಯ ಪದ ಇದ್ದರೆ ಅನುಕೂಲ.

ಶಾಲೆಗೆ ವಾಪಸು ಬಂದ ಮೇಲೆ ಇನ್ನೊಂದು ಪ್ರಯೋಗ ಮಾಡಿಸಿದೆ. ಭಾರದ ಗೊಂದಲ ಪೂರ್ತಿ ಹೋಗಬೇಕಿತ್ತು. ಗರಗಸದ ಬ್ಲೇಡ್ ಒಂದನ್ನು ಮೇಜಿನ ಅಂಚಿಗೆ ಬಿಗಿದು, ಅದು ಮೇಲೆ ಕೆಳಗೆ ಅಲ್ಲ, ಪಕ್ಕಕ್ಕೆ ಆಡುವ ಹಾಗೆ ನಿಲ್ಲಿಸಬೇಕು. ತುದಿಗೆ ಲಾರಿಯ ದಪ್ಪ ನಟ್ಟು ಒಂದನ್ನು ಕಟ್ಟಿ, ಎಳೆದು ಬಿಟ್ಟು, 20 ಸಲ ಆಡಲು ಎಷ್ಟು ಸೆಕೆಂಡು ಅಂತ ಮೊಬೈಲಿನಲ್ಲಿ ನೋಡಬೇಕು. ಆಮೇಲೆ ಅಂಥದೇ ನಾಲ್ಕು ನಟ್ಟು ಕಟ್ಟಿ ನೋಡಬೇಕು. ಬ್ಲೇಡಿನದೇ ದ್ರವ್ಯರಾಶಿ ಬಿಟ್ಟರೆ ಹೊತ್ತು ಎರಡರಷ್ಟು ಆಗಬೇಕು, ಯಾಕೆಂದರೆ ಅದು ದ್ರವ್ಯರಾಶಿಯ ವರ್ಗಮೂಲದ ಪ್ರಕಾರ ಏರುತ್ತದೆ. ನಮ್ಮಲ್ಲಿ ಎರಡರ ಹತ್ತಿರ ಬಂತು. ಪಕ್ಕಕ್ಕೆ ಆಡುವಾಗ ಭೂಮಿಯ ಎಳೆತಕ್ಕೆ ಇಲ್ಲಿ ಕೆಲಸವೇ ಇಲ್ಲ. ನಟ್ಟಿನ ಭಾರವನ್ನು ಬ್ಲೇಡು ಹೊತ್ತುಕೊಂಡಿದೆ. ನಿಧಾನ ಮಾಡಿದ್ದು ಬರೀ ಜಡತ್ವ. ಬಾಹ್ಯಾಕಾಶದಲ್ಲಿ ತೂಕದ ತಕ್ಕಡಿ ನಡೆಯುವುದಿಲ್ಲ. ಅದಕ್ಕೇ 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಇದ್ದವರು ಸ್ಪ್ರಿಂಗಿನ ಕುರ್ಚಿಯಲ್ಲಿ ಕೂತು ಹಿಂದೆ ಮುಂದೆ ಆಡಿ, ಹಾಗೆ ಆಡಲು ಹಿಡಿದ ಹೊತ್ತಿನ ಲೆಕ್ಕದಿಂದ ತಮ್ಮ ದ್ರವ್ಯರಾಶಿ ಅಳೆದುಕೊಳ್ಳುತ್ತಿದ್ದರು. ಇದನ್ನು ಹೇಳಿದಾಗ ‘ಅಲ್ಲಿ ಅವರು ಜಡ ಇರೋದಿಲ್ಲ, ಆದ್ರೆ ಜಡತ್ವ ಇರ್ತದೆ’ ಅಂದವನು ಆ ಲೆಕ್ಕದ ಹುಡುಗನೇ. ಇದಕ್ಕಿಂತ ಚೊಕ್ಕವಾಗಿ ನಾನು ಹೇಳಲಾರೆ.

ಈಗ ಪದದ ಮಾತಿಗೆ ಬರುತ್ತೇನೆ. ‘ಜಡತ್ವ’ವನ್ನು ಕಿತ್ತು ಹಾಕಬೇಕು ಅಂತ ನನಗೆ ಅನಿಸುವುದಿಲ್ಲ. ಜಡಕ್ಕೆ ಇನ್ನೊಂದು ಅರ್ಥ ಇದೆ. ಚೇತನ ಇಲ್ಲದ್ದು, ತನ್ನಷ್ಟಕ್ಕೆ ತಾನು ಏನನ್ನೂ ಬದಲಿಸಿಕೊಳ್ಳಲಾರದ್ದು. ಮಧ್ವಮತದ ಪಂಚಭೇದದಲ್ಲಿ ಜೀವ ಬೇರೆ, ಜಡ ಬೇರೆ ಅನ್ನುವಾಗ ಇರುವುದು ಈ ಅರ್ಥ. ಭೌತಶಾಸ್ತ್ರಕ್ಕೆ ಕೂಡುವುದೂ ಇದೇ ಅಂತ ನನ್ನ ಅಭಿಪ್ರಾಯ. ನಿಂತ ದೋಣಿ ತಾನಾಗಿ ಹೊರಡಲಾರದು, ಹೊರಟ ದೋಣಿ ತಾನಾಗಿ ನಿಲ್ಲಲಾರದು, ತಾನಾಗಿ ತಿರುಗಲಾರದು. ಬೇರೆಯವರೇ ಬರಬೇಕು, ಕೈಯೋ ನೀರೋ ಟಯರೋ. ಪದ ಇಟ್ಟುಕೊಂಡು ಅರ್ಥವನ್ನು ಈ ಕಡೆಯಿಂದ ಹೇಳಿಕೊಟ್ಟರೆ ದಾರಿ ಇದೆ.

ತಮಿಳಿನವರು ಇದನ್ನು ‘ನಿಲೈಮಂ’ ಅನ್ನುತ್ತಾರೆ. ‘ನಿಲೈ’ ಅಂದರೆ ಸ್ಥಿತಿ, ಇರುವ ಬಗೆ. ಭಾರವೂ ಇಲ್ಲ, ಸೋಮಾರಿತನವೂ ಇಲ್ಲ. ನನಗೆ ಅದು ಬಹಳ ಹಿಡಿಸಿತು. ನಮ್ಮಲ್ಲೂ ‘ನೆಲೆ’ ಇದೆ, ಆದರೆ ಅದು ಈಗ ಜಾಗದ ಅರ್ಥಕ್ಕೆ ವಾಲಿಬಿಟ್ಟಿದೆ. ಹಿಂದಿ, ಮರಾಠಿ, ತೆಲುಗು, ಮಲಯಾಳದವರು ನಮ್ಮ ಹಾಗೆ ಜಡತ್ವದಲ್ಲೇ ಇದ್ದಾರೆ. ಮರಾಠಿ ಮಕ್ಕಳಿಗಂತೂ ನನ್ನ ಹುಡುಗನ ಗೊಂದಲವೇ ಇರಬೇಕು.

ತರಗತಿಯಲ್ಲಿ ಸದ್ಯಕ್ಕೆ ನಾನು ‘ಪಟ್ಟು’ ಅನ್ನುವ ಮಾತು ಬಳಸುತ್ತಿದ್ದೇನೆ. ನಿಂತದ್ದು ನಿಲ್ಲುವ ಪಟ್ಟು ಬಿಡುವುದಿಲ್ಲ, ಓಡುವುದು ಓಡುವ ಪಟ್ಟು ಬಿಡುವುದಿಲ್ಲ. ಮಕ್ಕಳಿಗೆ ತಟ್ಟನೆ ಹತ್ತುತ್ತದೆ. ಆದರೆ ಪಟ್ಟು ಹಿಡಿಯಲು ಮನಸ್ಸು ಬೇಕು, ಅಲ್ವಾ? ಚೇತನ ಇಲ್ಲದ ವಸ್ತುವಿಗೆ ಹಟ ಅಂಟಿಸಿದ ಹಾಗಾಗುತ್ತದೆ. ಇದು ನನ್ನನ್ನು ಕೊರೆಯುತ್ತಿದೆ. ‘ರಭಸ’ ಸರಿಹೋಗದು, ಅದು ಸಂವೇಗಕ್ಕೆ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದಕ್ಕೆ) ಹತ್ತಿರ. ‘ಓಟ’ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಹೇಳುತ್ತದೆ. ನಿಂತ ದೋಣಿಗೆ ಓಟ ಇಲ್ಲ.

ಬಲ್ಲವರು ಇಷ್ಟು ತಿಳಿಸಿದರೆ ಉಪಕಾರ. ಭಾರ ಅನ್ನುವ ಅರ್ಥದ ‘ಜಡ’ ಧಾರವಾಡದ ಕಡೆಯ ಕನ್ನಡಕ್ಕೆ ಮರಾಠಿಯಿಂದ ಬಂದದ್ದೇ, ಅಥವಾ ಹಳಗನ್ನಡದಲ್ಲೂ ಆ ಬಳಕೆ ಇದೆಯೇ? ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಸರ್ಕಾರದ ಕೆಳಗಿತ್ತು. ಆ ಕಾಲದ ಕನ್ನಡ ಶಾಲೆಯ ವಿಜ್ಞಾನದ ಪುಸ್ತಕ ಯಾರ ಮನೆಯಲ್ಲಾದರೂ ಇದ್ದರೆ ಅದರಲ್ಲಿ ಇನರ್ಷಿಯಾಕ್ಕೆ ಯಾವ ಪದ ಹಾಕಿದ್ದಾರೆ ಅಂತ ನೋಡಿ ಹೇಳುವಿರಾ? ‘ಪಟ್ಟು’ ಬಿಟ್ಟು ಮನಸ್ಸಿನ ಸೋಂಕಿಲ್ಲದ ಇನ್ನೊಂದು ಆಡುಮಾತು ಹೊಳೆದರೆ ಅದೂ ಬೇಕು. ಕೊನೆಯದಾಗಿ ಕರಾವಳಿಯವರಿಗೆ: ಇಂಜಿನ್ ನಿಲ್ಲಿಸಿದ ಮೇಲೂ ದೋಣಿ ಸಾಗುತ್ತದಲ್ಲ, ಅದನ್ನು ಕಾರವಾರದಲ್ಲಿ ‘ಓಟ’ ಅಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳದ ದೋಣಿಯವರು ಅದಕ್ಕೆ ಏನು ಅನ್ನುತ್ತಾರೆ?