ಸಾಫ್ಟ್‌ಬಾಲ್ ಅಂಪೈರಿಂಗ್: ಕಾಲ್ (ಅಂಪೈರ್ ತೀರ್ಪು) ಎಲ್ಲರಿಗೂ ತಲುಪೋದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಮೆರಿಕದಲ್ಲಿದ್ದೀನಿ. ಮಗಳ ಸಾಫ್ಟ್‌ಬಾಲ್ (ಬೇಸ್‌ಬಾಲ್ ತರಹದ ಆಟ) ಲೀಗಿಗೆ ಅಂಪೈರ್ ಸಿಗ್ತಿಲ್ಲ ಅಂದಾಗ ನಾನೇ ಕೈ ಎತ್ತಿದೆ. ಊರಲ್ಲಿ ಕ್ರಿಕೆಟ್ ಅಂಪೈರಿಂಗ್ ಮಾಡಿದ ಧೈರ್ಯ. ಮೊದಲ ಪಂದ್ಯದಲ್ಲೇ ಗೆರೆಯ ಒಳಗೆ ಬಿದ್ದ ಚೆಂಡಿಗೆ "ಫೇರ್" ಅಂತ ಕೂಗಿದೆ. ಅರ್ಧ ಜನಕ್ಕೆ ಅದು "ಫೌಲ್" (ಗೆರೆಯ ಹೊರಗೆ) ಅಂತ ಕೇಳಿಸಿ, ಓಡ್ತಿದ್ದ ಹುಡುಗಿ ನಿಂತೇಬಿಟ್ಟಳು. ಆಮೇಲೆ ಅಪ್ಪ-ಅಮ್ಮಂದಿರ ಗಲಾಟೆ ಕೇಳಬೇಡಿ. ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಉತ್ತರ: ಈ ತಪ್ಪು ನಾನೂ ಮಾಡಿದ್ದೀನಿ. ಫೇರ್‌ಗೆ ಬಾಯಿ ಬಿಡಲೇಬಾರದು, ಮೈದಾನದ ಒಳಕ್ಕೆ ಕೈ ತೋರಿಸಿದರೆ ಮುಗೀತು. ಫೌಲ್‌ಗೆ ಮಾತ್ರ ಎರಡೂ ಕೈ ಮೇಲೆತ್ತಿ ಗಂಟಲು ಹರಿಯೋ ಹಾಗೆ ಕೂಗಿ. ಆಗ ಕೂಗು ಕೇಳಿಸಿತು ಅಂದ್ರೆ ಆಟ ನಿಂತಿತು ಅಂತಲೇ ಅರ್ಥ, ಗೊಂದಲಕ್ಕೆ ಜಾಗವೇ ಇಲ್ಲ.

ನಿಮ್ಮ ನಿಜವಾದ ಶತ್ರು ಕ್ರಿಕೆಟ್ ಕೈಗಳು. ನಮ್ಮ ವೈಡ್ ಸನ್ನೆ ಇಲ್ಲಿ ಸೇಫ್, ಅಂದ್ರೆ ನಾಟೌಟ್. ನಮ್ಮ ಸಿಕ್ಸರ್ ಇಲ್ಲಿ ಟೈಮ್ (ಆಟ ನಿಲ್ಲಿಸಿ) ಅಥವಾ ಫೌಲ್. ಒಂದೇ ಕೈ ಅಡ್ಡ ಚಾಚಿದರೆ ನಮಗೆ ನೋಬಾಲ್. ಸಾಫ್ಟ್‌ಬಾಲ್‌ನಲ್ಲಿ ಎಡಗೈ ಮುಷ್ಟಿ ಕಟ್ಟಿ ಅಡ್ಡ ಚಾಚಿದರೆ "ಓಟಕ್ಕೆ ಅಡ್ಡಿಯಾಗಿದೆ, ನೋಡಿದ್ದೀನಿ, ಆಟ ನಡೀಲಿ" ಅಂತ. ಔಟ್‌ಗೆ ಬೆರಳಲ್ಲ, ಬಲಗೈ ಮುಷ್ಟಿ. ಕೆಲವು ಲೀಗ್‌ಗಳಲ್ಲಿ ಬೆರಳು ಎತ್ತೋದು ಇನ್‌ಫೀಲ್ಡ್ ಫ್ಲೈಗೆ: ಓಟಗಾರರು ಮುಟ್ಟಿ ನಿಲ್ಲೋ ಬೇಸ್‌ಗಳಲ್ಲಿ ಮೊದಲ ಎರಡರಲ್ಲಿ (ಅಥವಾ ಮೂರರಲ್ಲೂ) ಓಟಗಾರರಿದ್ದು, ಎರಡು ಔಟ್ ಆಗಿರದೆ, ಒಳಮೈದಾನದಲ್ಲಿ ಸುಲಭದ ಕ್ಯಾಚ್ ಮೇಲೆ ಹೋದಾಗ. ತಮಾಷೆ ಅಂದ್ರೆ ಅಲ್ಲೂ ಬ್ಯಾಟರ್ ಔಟೇ! ಚೆಂಡು ಗೆರೆ ಹತ್ತಿರ ಇದ್ದರೆ "ಫೇರ್ ಆದರೆ" ಅನ್ನೋದನ್ನ ಸೇರಿಸಿ ಕೂಗಿ. ನಾನು ಒಂದು ವಾರ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ, ಹೆಂಡತಿ ನಕ್ಕಿದ್ದೇ ನಕ್ಕಿದ್ದು.

ಇನ್ನೊಬ್ಬರು: ನನ್ನ ದನಿ ಸಣ್ಣದು, ಅದಕ್ಕೇ ಹೆದರಿದ್ದೆ. ಆದರೆ ದನಿಗಿಂತ ಆತುರ ನನ್ನನ್ನ ಹೆಚ್ಚು ಕೆಡಿಸಿತು. ಮೊದಲ ಬೇಸ್‌ನಲ್ಲಿ "ಔಟ್" ಅಂತ ಮುಷ್ಟಿ ಎತ್ತಿದ ಮೇಲೆ ಚೆಂಡು ಗ್ಲೌಸಿಂದ ಜಾರಿ ಬಿತ್ತು. ಎತ್ತಿದ ಕೈಯನ್ನ ಎಲ್ಲಿಡೋದು? ಈಗ ಚೆಂಡು ಗಟ್ಟಿಯಾಗಿ ಕೈಯಲ್ಲಿದೆಯಾ ಅಂತ ನೋಡಿ, ಒಂದು ಉಸಿರು ಬಿಟ್ಟು, ಆಮೇಲೆ ಕಾಲ್ ಕೊಡ್ತೀನಿ. ಎಲ್ಲರಿಗೂ ಗೊತ್ತಿರೋ ಔಟ್‌ಗೆ ಮೆಲ್ಲಗೆ, ಕೂದಲೆಳೆಯ ಔಟ್‌ಗೆ ಜೋರಾಗಿ.

ಮತ್ತೊಬ್ಬರು: ಜೋರು ಇದ್ದ ಮಾತ್ರಕ್ಕೆ ಸರಿ ಅಂತೇನಿಲ್ಲ ಬಿಡಿ. 2010ರಲ್ಲಿ ಬೇಸ್‌ಬಾಲ್‌ನಲ್ಲಿ ಡೆಟ್ರಾಯಿಟ್‌ನ ಪಿಚರ್ (ಚೆಂಡು ಎಸೆಯೋನು) ಗಲರಾಗಾನ ಪರ್ಫೆಕ್ಟ್ ಗೇಮ್‌ಗೆ (ಎದುರಾಳಿ ಒಬ್ಬರೂ ಬೇಸ್ ತಲುಪದ ಪಂದ್ಯ) ಒಂದೇ ಔಟ್ ಬಾಕಿ ಇದ್ದಾಗ ಅಂಪೈರ್ ಜಿಮ್ ಜಾಯ್ಸ್ ಕೊಟ್ಟ "ಸೇಫ್" ಎಷ್ಟು ಸ್ಪಷ್ಟವಾಗಿತ್ತು! ಆದರೆ ತಪ್ಪು. ರೀಪ್ಲೇ ನೋಡಿ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು.

ಕೌಂಟ್ (ಬಾಲ್-ಸ್ಟ್ರೈಕ್ ಲೆಕ್ಕ) ಬಗ್ಗೆ ಯಾರೂ ಹೇಳಲಿಲ್ಲ. ಎಡಗೈ ಬೆರಳು ಬಾಲ್ (ಬ್ಯಾಟರ್ ಬೀಸದೆ ಬಿಟ್ಟ ಕೆಟ್ಟ ಎಸೆತ), ಬಲಗೈ ಬೆರಳು ಸ್ಟ್ರೈಕ್ (ಬೀಸಿ ತಪ್ಪಿದ್ದು ಅಥವಾ ಬಿಟ್ಟ ಒಳ್ಳೆ ಎಸೆತ). ಬಾಯಲ್ಲೂ ಬಾಲ್ ಮೊದಲು. ಮೂರು-ಎರಡು ಆದಾಗ ಮುಷ್ಟಿ ತೋರಿಸೋರಿದ್ದಾರೆ, ಬೇಡ, ಬೆರಳೇ ತೋರಿಸಿ. ಇಬ್ಬರು ಅಂಪೈರ್ ಇದ್ದರೆ ಇನ್‌ಫೀಲ್ಡ್ ಫ್ಲೈ ನೆನಪಿಸೋಕೆ ಒಂದು ಗುಟ್ಟಿನ ಸನ್ನೆಯನ್ನ ಪಂದ್ಯಕ್ಕೆ ಮುಂಚೆಯೇ ಮಾತಾಡಿಕೊಳ್ಳಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಒಂದೇ ಡೌಟು: ಬ್ಯಾಟ್ ಬೀಸಿ ಮಿಸ್ ಆದಾಗಲೂ "ಸ್ಟ್ರೈಕ್" ಅಂತ ಕೂಗಬೇಕಾ?

ಉತ್ತರ: ಬೇಡ, ಬೀಸಿದ್ದನ್ನ ಎಲ್ಲರೂ ನೋಡಿರ್ತಾರೆ. ಬಲಗೈ ಸನ್ನೆ ಸಾಕು. ಬೀಸದೆ ಬಿಟ್ಟ ಚೆಂಡು ಸ್ಟ್ರೈಕ್ ಆದರೆ ಮಾತ್ರ ಕೂಗು. ಬಾಲ್ ಆದರೆ ಬಗ್ಗಿದಲ್ಲೇ ಬಾಯಲ್ಲಿ ಹೇಳಿ, ಕೈ ಅಲ್ಲಾಡಿಸಬೇಡಿ.