ಕೆಲಸ ಬಿಡುವಂತಿಲ್ಲ, ಮನಸ್ಸು ಕೆಡುತ್ತಿದೆ: ಏನು ಮಾಡಲಿ?

ಪ್ರಶ್ನೆ

ನಮ್ಮ ಮ್ಯಾನೇಜರ್ ಬಾಯಿಮಾತಿನಲ್ಲಿ ಒಂದು ಕೆಲಸ ಹೇಳುತ್ತಾರೆ, ಅದನ್ನು ಮಾಡಿ ಮುಗಿಸಿದ ಮೇಲೆ ಮೀಟಿಂಗ್‌ನಲ್ಲಿ ಎಲ್ಲರೆದುರು "ಇದನ್ನು ಮಾಡಲು ನಿಮಗೆ ಯಾರು ಹೇಳಿದರು?" ಎಂದು ಕೇಳುತ್ತಾರೆ. ರಾತ್ರಿ ಹನ್ನೊಂದರ ಹೊತ್ತಿಗೆ "ನಾಳೆ ಬೆಳಿಗ್ಗೆ ಬಂದು ನನ್ನನ್ನು ಕಾಣಿ" ಎಂಬ ಒಂದೇ ಸಾಲಿನ ಸಂದೇಶ ಬರುತ್ತದೆ. ಬೆಳಿಗ್ಗೆ ಹೋದರೆ ವಿಶೇಷವೇನೂ ಇರುವುದಿಲ್ಲ, ಆದರೆ ಅಷ್ಟರಲ್ಲಿ ನಿದ್ದೆಯಂತೂ ಹಾಳಾಗಿರುತ್ತದೆ. ಸಾಲದ ಕಂತುಗಳಿರುವುದರಿಂದ ಸದ್ಯಕ್ಕೆ ರಾಜೀನಾಮೆ ಕೊಡಲಾರೆ. "ತಲೆಗೆ ಹಚ್ಚಿಕೊಳ್ಳಬೇಡಿ" ಎನ್ನುವವರು ಬಹಳ ಮಂದಿ ಇದ್ದಾರೆ. ಹಚ್ಚಿಕೊಳ್ಳದೆ ಇರುವುದು ಹೇಗೆ ಎಂದು ಹೇಳುವವರು ಸಿಕ್ಕಿಲ್ಲ. ಕೊರತೆ ನನ್ನಲ್ಲೇ ಇದೆಯೇನೋ ಎಂಬ ಅನುಮಾನವೂ ಈಚೆಗೆ ಶುರುವಾಗಿದೆ.

ಉತ್ತರ 1

ಆ ಕೊನೆಯ ಅನುಮಾನದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಂಥ ಕಡೆ ಮನುಷ್ಯನನ್ನು ಹೆಚ್ಚು ಕುಗ್ಗಿಸುವುದು ಅದೇ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕಾರವಾದ ತನ್ನ ರೋಗ ವರ್ಗೀಕರಣದಲ್ಲಿ ಬರ್ನೌಟ್ ಅನ್ನು ಕಾಯಿಲೆ ಎಂದು ಕರೆಯದೆ, ಕೆಲಸದ ಸ್ಥಳದ ದೀರ್ಘಕಾಲದ ಒತ್ತಡದಿಂದ ಉಂಟಾಗುವ ಸ್ಥಿತಿ ಎಂದು ವಿವರಿಸಿದೆ. ಶಕ್ತಿ ಬತ್ತಿಹೋದಂತಾಗುವುದು, ಕೆಲಸದ ಬಗ್ಗೆ ಜಿಗುಪ್ಸೆ ಹುಟ್ಟುವುದು, ತನ್ನಿಂದ ಏನೂ ಆಗದು ಎನಿಸುವುದು ಅದರ ಮೂರು ಲಕ್ಷಣಗಳು. ಅಂದರೆ ಸ್ವಂತ ಸಾಮರ್ಥ್ಯದ ಮೇಲಿನ ಅನುಮಾನವೇ ಆ ಒತ್ತಡದ ಫಲವಾಗಿರಬಹುದು.

ಬಾಯಿಮಾತಿನ ಆದೇಶಕ್ಕೆ ಒಂದು ಉಪಾಯವಿದೆ. ಮಾತು ಮುಗಿದ ಕೂಡಲೇ, "ಈಗ ತಾವು ತಿಳಿಸಿದಂತೆ ಮೊದಲು ವರದಿಯನ್ನು ಮುಗಿಸಿ, ಉಳಿದದ್ದನ್ನು ಮುಂದಿನ ವಾರ ಕೈಗೆತ್ತಿಕೊಳ್ಳುತ್ತೇನೆ, ಬದಲಾವಣೆ ಇದ್ದರೆ ದಯವಿಟ್ಟು ತಿಳಿಸಿ" ಎಂದು ಇಮೇಲ್ ಕಳುಹಿಸಿ. ಅದರಲ್ಲಿ ದೂರಿನ ಧ್ವನಿ ಇರಬಾರದು. ಮೀಟಿಂಗ್‌ನಲ್ಲಿ ಅದನ್ನು ತೋರಿಸುವ ಸಂದರ್ಭ ಬಾರದೇ ಹೋದರೂ, ನಿಮ್ಮ ನೆನಪು ಸರಿಯಾಗಿಯೇ ಇದೆ ಎಂಬುದಕ್ಕೆ ನಿಮಗೇ ಒಂದು ಆಧಾರ ಸಿಗುತ್ತದೆ.

ಉತ್ತರ 2

ಇಮೇಲ್ ಸರಿ, ಆದರೆ ದಾಖಲೆ ಬರೆಯುವುದೇ ಚಟವಾಗದಂತೆ ನೋಡಿಕೊಳ್ಳಿ. ದಿನಾಂಕ, ಆಡಿದ ಮಾತು, ಎದುರಿದ್ದವರು, ಇಷ್ಟನ್ನು ಬರೆದು ಮುಚ್ಚಿಡಿ. ರಾತ್ರಿ ತೆರೆದು ಓದುತ್ತ ಕುಳಿತರೆ ಅದೇ ಅವಮಾನವನ್ನು ಮತ್ತೆ ಅನುಭವಿಸಿದಂತಾಗುತ್ತದೆ. ಕೆಲಸ ಮುಗಿದ ಮೇಲೆ ಮನಸ್ಸು ಅದರಿಂದ ನಿಜವಾಗಿ ದೂರವಾಗುವುದು ಚೇತರಿಕೆಗೆ ಎಷ್ಟು ಮುಖ್ಯ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಸಬೀನ್ ಸೊನೆಂಟಾಗ್ ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಅದಕ್ಕಾಗಿ, ಹೊರಡುವ ಮುನ್ನ ಅರ್ಧಕ್ಕೆ ನಿಂತ ಕೆಲಸದ ಮುಂದಿನ ಹೆಜ್ಜೆಯನ್ನು ಬರೆದಿಡಿ. ಕಚೇರಿಯ ಆ್ಯಪ್‌ನ ನೋಟಿಫಿಕೇಷನ್ ರಾತ್ರಿ ಬಂದ್ ಇರಲಿ. "ತುರ್ತಿದ್ದರೆ ಕರೆ ಮಾಡಿ" ಎಂದು ಒಮ್ಮೆ ತಿಳಿಸಿಬಿಟ್ಟರೆ ಸಾಕು. ಸಂದೇಶ ಕಳುಹಿಸುವಷ್ಟು ಸಲೀಸಾಗಿ ಆ ಹೊತ್ತಿನಲ್ಲಿ ಯಾರೂ ಕರೆ ಮಾಡುವುದಿಲ್ಲ.

ಉತ್ತರ 3

ಮೇಲಿನ ಸಲಹೆಗಳನ್ನು ನಾನು ಒಪ್ಪುತ್ತೇನೆ, ಆದರೆ ಎಲ್ಲ ಭಾರವನ್ನೂ ಪ್ರಶ್ನೆ ಕೇಳಿದವರ ಮೇಲೆಯೇ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ, ಕೆಲಸದ ಸ್ಥಳದ ಮಾನಸಿಕ ಆರೋಗ್ಯದ ಕುರಿತ ಮಾರ್ಗಸೂಚಿ ಕೂಡ, ಕೆಲಸದ ಪರಿಸ್ಥಿತಿಯನ್ನು ಬದಲಿಸಬೇಕು, ಮ್ಯಾನೇಜರ್‌ಗಳಿಗೆ ತರಬೇತಿ ಕೊಡಬೇಕು ಎನ್ನುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೇ ಒಡಂಬಡಿಕೆಯು ಮಾನಸಿಕ ಹಾನಿ ಉಂಟುಮಾಡುವ ವರ್ತನೆಯನ್ನೂ ಕಿರುಕುಳದ ವ್ಯಾಪ್ತಿಗೆ ತಂದಿದ್ದು, ಕೆಲಸಕ್ಕೆ ಸಂಬಂಧಿಸಿದ ಫೋನ್ ಮತ್ತು ಇಂಟರ್ನೆಟ್ ಸಂವಹನವೂ ಅದಕ್ಕೆ ಒಳಪಡುತ್ತದೆ. ಅದನ್ನು ಅನುಮೋದಿಸಿದ ದೇಶಗಳಿಗೆ ಅದು ಅನ್ವಯಿಸುತ್ತದೆ. ಎಚ್‌ಆರ್‌ಗೆ ದೂರು ಕೊಡುವುದಾದರೆ "ಕ್ರೂರಿ", "ಅಹಂಕಾರಿ" ಎಂಬ ವಿಶೇಷಣಗಳನ್ನು ಬಿಟ್ಟು ನಡೆದದ್ದನ್ನಷ್ಟೇ ಬರೆಯಿರಿ. ಎಚ್‌ಆರ್ ವಿಭಾಗ ಕೂಡ ಸಂಸ್ಥೆಯದೇ ಒಂದು ಅಂಗ ಎಂಬುದೂ ನೆನಪಿರಲಿ. ಬೇರೆ ಕೆಲಸ ಹುಡುಕಲು, ಪೂರ್ತಿ ದಣಿಯುವವರೆಗೆ ಕಾಯಬೇಡಿ, ಏಕೆಂದರೆ ಸಂದರ್ಶನಕ್ಕೂ ಚೈತನ್ಯ ಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಸಹೋದ್ಯೋಗಿಗಳ ಜೊತೆ ಊಟದ ಬಿಡುವಿನಲ್ಲಿ ಇದನ್ನೇ ಮಾತನಾಡುತ್ತೇವೆ. ಆಗ ಹಗುರವೆನಿಸಿದರೂ ಸಂಜೆ ಇನ್ನಷ್ಟು ಭಾರವಾಗುತ್ತದೆ, ಏಕೆ?

ಉತ್ತರ 2

ಒಂದೇ ದೂರನ್ನು ದಿನವೂ ಮೆಲುಕು ಹಾಕುವುದರಿಂದ ಸ್ನೇಹ ಬೆಳೆಯುತ್ತದೆ, ಚಿಂತೆಯೂ ಬೆಳೆಯುತ್ತದೆ. ನಂಬಿಕಸ್ಥರಾದ ಒಬ್ಬರೊಂದಿಗೆ ಹೇಳಿಕೊಳ್ಳಿ, ಉಳಿದವರ ಜೊತೆ ಬೇರೆ ವಿಷಯವಿರಲಿ. ದಿನದ ಬಹುಪಾಲು ಖಿನ್ನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವಿಕೆ ಎರಡು ವಾರ ಮುಂದುವರಿದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಅಷ್ಟು ದಿನವೂ ಕಾಯದೆ ಅಂದೇ ಹೋಗಿ.